ಕಂದಾಯಕ್ಕೆ ಬದಲು ಮಗ

ಮಾರ್ಚ್ ಸಂಬಳ ಬಿದ್ದ ದಿನ ನಮ್ಮ ಟೀಮಿನಲ್ಲಿ ಒಂದೇ ಮಾತು: ಟಿಡಿಎಸ್ ಎಷ್ಟು ಹೋಯ್ತು? ಎಲ್ಲರ ಜೊತೆ ನಾನೂ ಬೈತೀನಿ. ಈ ಸಲ ಬೈಯುವಾಗ ಮಾತ್ರ ಗ್ರೆಂಜರ್‌ಗಳು ನೆನಪಾದರು.

ಇವರು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಗಡಿ ಕಾಯುತ್ತಿದ್ದ ರೈತರು. ಈಗಿನ ಕ್ರೊಯೇಷಿಯಾ, ಸರ್ಬಿಯಾ ಕಡೆ ಉದ್ದಕ್ಕೂ ಚಾಚಿದ್ದ ಸೈನಿಕ ಗಡಿನಾಡು. ಆಚೆ ಒಟ್ಟೊಮನ್ ತುರ್ಕರು. 16ನೇ ಶತಮಾನದಿಂದ ಅಲ್ಲಿಗೆ ವಲಸೆ ಬಂದವರಿಗೆ ಉಳೋಕೆ ಭೂಮಿ ಸಿಕ್ಕಿತು. ಜಮೀನ್ದಾರನಿಗೆ ಗೇಣಿ ಇಲ್ಲ, ಬಿಟ್ಟಿ ಚಾಕರಿ ಇಲ್ಲ. ಕರೆದಾಗ ಆಯುಧ ಹಿಡಿದು ಬಂದರೆ ಸಾಕು. 1630ರಲ್ಲಿ ಚಕ್ರವರ್ತಿ ಎರಡನೇ ಫರ್ಡಿನಾಂಡ್ ಇದನ್ನು ಬರೆದೂ ಕೊಟ್ಟ. ಊರಿನ ಮುಖಂಡನನ್ನು ಊರವರೇ ಆರಿಸಬಹುದಿತ್ತು. ಪಕ್ಕದ ಸೀಮೆಯ ಜೀತದಾಳಿನ ಕಣ್ಣಿಗೆ ಇವರು ರಾಜರು! ನಮ್ಮ ಕಡೆಯ ಉಂಬಳಿ ಇದರ ದೂರದ ನೆಂಟ ಅನ್ನಬಹುದು.

ಆದರೆ ಲೆಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. 18ನೇ ಶತಮಾನದಲ್ಲಿ ಮರಿಯಾ ತೆರೇಸಾ ಕಾಲಕ್ಕೆ ಊರೂರನ್ನೇ ರೆಜಿಮೆಂಟ್ ಮಾಡಿದರು. ತನ್ನ ಹೊಲದ ಬದು ಕಾಯ್ತೀನಿ ಅಂತ ಒಪ್ಪಿಕೊಂಡವನ ಮೊಮ್ಮಗ ಪ್ರಷ್ಯದವರ ಮೇಲೆ ಯುದ್ಧಕ್ಕೆ ಹೋದ. ಅವನಿಗೂ ಪ್ರಷ್ಯಕ್ಕೂ ಏನು ಸಂಬಂಧ? ಯುದ್ಧ ಇಲ್ಲದಾಗ ಸರದಿ ಮೇಲೆ ಗಡಿಯ ಕಾವಲು ಗುಡಿಸಲಲ್ಲಿ ಕೂರಬೇಕು, ತುರ್ಕರ ಕಡೆಯಿಂದ ಪ್ಲೇಗ್ ಬರದ ಹಾಗೂ ನೋಡಬೇಕು. ಅಷ್ಟು ದಿನ ಉಳುಮೆ, ಕಟಾವು ಎಲ್ಲ ಮನೆಯ ಹೆಂಗಸರು, ಮುದುಕರ ಪಾಲಿಗೆ. ಆಮೇಲೆ ಭೂಕಂದಾಯವೂ ಬಂತು, ಸರ್ಕಾರಿ ಬಿಟ್ಟಿ ಕೆಲಸವೂ ಬಂತು.

ಕಂದಾಯ ಕಟ್ಟಿದ ಮೇಲೆ ಸರ್ಕಾರ ಮುಂದಿನ ವರ್ಷದವರೆಗೆ ನಮ್ಮನ್ನು ಮರೀತದೆ. ಗ್ರೆಂಜರ್‌ನನ್ನು ಅದು ಒಂದು ದಿನವೂ ಮರೀಲಿಲ್ಲ. ಗಂಡು ಮಗು ಹುಟ್ಟಿದ್ರೆ ಆಗಲೇ ಸಿಪಾಯಿ. ಇದನ್ನು ಮೋಸ ಅಂತ ಕರೆದು ಮುಗಿಸೋಣ ಅಂದ್ರೆ ಅದೂ ಸರಿಬರಲ್ಲ. ಅವರಿಗೆ ಜಮೀನ್ದಾರನ ಕೈಕೆಳಗೆ ಹೋಗೋದೇ ಇದಕ್ಕಿಂತ ಕೆಟ್ಟದ್ದಾಗಿತ್ತು. ಮೊದಲನೆಯವನು ಒಪ್ಪಿಯೇ ಬಂದ. ನಂಗೆ ತೊಡಕು ಮೊಮ್ಮಗನದ್ದು. ಅಜ್ಜನ ಒಪ್ಪಿಗೆ ಎಷ್ಟು ತಲೆಮಾರಿಗೆ ನಡೆಯುತ್ತೆ?

ಇನ್ನೊಂದು ವಿಷಯ ಇದೆ, ನನ್ನನ್ನು ಕಾಡೋದು ಅದೇ. ಭೂಮಿ ಒಬ್ಬನ ಹೆಸರಿನದ್ದಲ್ಲ, ಜಾದ್ರುಗಾ ಅನ್ನೋ ಕೂಡುಕುಟುಂಬದ್ದು. ಪಾಲು ಮಾಡೋದಕ್ಕೆ ಕಾನೂನಿನ ಅಡ್ಡಿ, ಯಾಕಂದ್ರೆ ಒಬ್ಬ ಕಾವಲಿಗೆ ಹೋದರೆ ಉಳಿದವರು ಉಳಬೇಕಲ್ಲ. ಸಿಪಾಯಿಯ ಹೆಸರು ರೆಜಿಮೆಂಟಿನ ಪಟ್ಟಿಯಲ್ಲಿದೆ. ಅವನ ಪಾಲಿನ ಬೆವರನ್ನೂ ಸುರಿಸಿದ ತಮ್ಮನದ್ದು?

ನಾನು ಬಿಇ ಸೇರಿದ ವರ್ಷ ನನ್ನ ತಮ್ಮ ಪಿಯುಸಿ ಬಿಟ್ಟ. ಅಪ್ಪನಿಗೆ ಬೆನ್ನುನೋವು, ಮೂರು ಎಕರೆಗೆ ಒಬ್ಬರು ಬೇಕಿತ್ತು. ಯಾರೂ ಅವನನ್ನು ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ. ಗಡಿನಾಡಿನ ಸೈನಿಕ ಆಡಳಿತ 1881ರಲ್ಲಿ ಪೂರ್ತಿ ಮುಗಿದು ಆ ಸೀಮೆ ಕ್ರೊಯೇಷಿಯಾಕ್ಕೆ ಸೇರಿತು. ನಮ್ಮ ಮನೆಯಲ್ಲಿ ಪಾಲಿನ ಮಾತು ಶುರುವಾಗಿರೋದು ಈ ಯುಗಾದಿಗೆ. ಪಹಣಿಯಲ್ಲಿ ನನ್ನ ಹೆಸರೂ ಇದೆ, ಕಾನೂನಿನ ಪ್ರಕಾರ ಅರ್ಧ ಬರುತ್ತೆ. ಮೊನ್ನೆ ತಮ್ಮ ಫೋನ್ ಮಾಡಿ, "ಅಣ್ಣ, ಬಾವಿ ಕಡೆಯದ್ದು ನೀನು ತಗೋ, ಮಣ್ಣು ಚೆನ್ನಾಗಿದೆ" ಅಂದ. "ಊರಿಗೆ ಬರ್ತೀನಿ, ಮಾತಾಡೋಣ" ಅಂದು ಇಟ್ಟೆ.