ಪರೀಕ್ಷೆ ಯಾರ ಪರವಾಗಿ?

ಅಪ್ಪ ಬಿಟ್ಟುಕೊಟ್ಟ ಹಳೆಯ ಪೆಟ್ರೋಲ್ ಕಾರು, 2006ರ ಮಾದರಿ, ಈ ಸಲ ಎಮಿಷನ್ ಟೆಸ್ಟಿನಲ್ಲಿ ಫೇಲಾಯಿತು. ಅಂಥ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5 ದಾಟಬಾರದು, ಯಂತ್ರ 1.8 ತೋರಿಸಿತು. ಟೆಸ್ಟ್ ಮಾಡುವ ಹುಡುಗ ನನ್ನ ಮುಖ ನೋಡಿ, "ಮೇಡಂ, ಪೈಪನ್ನ ಸ್ವಲ್ಪ ಆಚೆ ಎಳ್ದು ಹಿಡಿದ್ರೆ ನಂಬರ್ ಇಳಿಯುತ್ತೆ. ಎಲ್ರೂ ಹಂಗೇ ಮಾಡಿಸ್ಕೊಳ್ಳೋದು" ಅಂದ. ನಾನು ಬೇಡ ಅನ್ನಲಿಲ್ಲ. ಹೊರಗಿನ ಗಾಳಿ ಬೆರೆತು ಅಂಕಿ ಇಳಿಯಿತು. ಆರು ತಿಂಗಳ ಸರ್ಟಿಫಿಕೇಟ್ ಕೈಗೆ ಬಂತು.

ಮನೆಗೆ ಬಂದು ಪಿಎಚ್‌.ಡಿ. ಪ್ರಬಂಧದ ಕೆಲಸಕ್ಕೆ ಕೂತೆ. ಯುಜಿಸಿಯ 2018ರ ನಿಯಮದಂತೆ, ಬೇರೆ ಬರಹಗಳ ಜೊತೆಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ನನ್ನ ಅಧ್ಯಾಯದ್ದು 14 ಇತ್ತು. ಪದ ಬದಲಿಸಿ, ವಾಕ್ಯ ತಿರುಗಿಸಿ ಅದನ್ನು 9ಕ್ಕೆ ಇಳಿಸುತ್ತಿದ್ದೆ. ವಿಚಾರ ಮಾತ್ರ ಬೇರೆಯವರದ್ದೇ. ಆಗ ಹೊಳೆಯಿತು, ಇಲ್ಲೂ ನಾನು ಪೈಪನ್ನು ಆಚೆ ಎಳೆದು ಹಿಡಿದಿದ್ದೇನೆ.

ಫೋಕ್ಸ್‌ವ್ಯಾಗನ್ ಕಂಪನಿ 2015ರಲ್ಲಿ ಸಿಕ್ಕಿಬಿದ್ದದ್ದೂ ಇಂಥದೇ ಕೆಲಸಕ್ಕೆ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ಸಾಫ್ಟ್‌ವೇರ್ ಅದರ ಡೀಸೆಲ್ ಕಾರುಗಳಲ್ಲಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಆ ಸುದ್ದಿ ಓದಿ ಬೈದವರಲ್ಲಿ ನಾನೂ ಒಬ್ಬಳು.

ಹಾಗಾದರೆ ನಾನು ವಂಚಿಸಿದ್ದು ಯಾರನ್ನು? ಟೆಸ್ಟ್ ಮಾಡಿದ ಹುಡುಗನಿಗೆ ಎಲ್ಲವೂ ಗೊತ್ತಿತ್ತು. ವಂಚನೆಗೊಳಗಾದವರು ಅಲ್ಲಿ ಇರಲೇ ಇಲ್ಲ. ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಪೊಲೀಸ್ ಪೇದೆ, ಅಲ್ಲೇ ಹೂ ಮಾರುವಾಕೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಉಸಿರಾಡುವವರು ತಾವೇ ಕೇಳಲಾಗದ ಪ್ರಶ್ನೆಯನ್ನು ಅವರ ಪರವಾಗಿ ಆ ಯಂತ್ರ ಕೇಳುತ್ತಿತ್ತು. ನಾನು ಸುಳ್ಳು ಉತ್ತರ ಕೊಟ್ಟೆ.

ಹಳೆಯ ಗಾಡಿ ಇಟ್ಟುಕೊಂಡವರು ಬಹುಮಟ್ಟಿಗೆ ಕೈಯಲ್ಲಿ ಕಾಸಿಲ್ಲದವರು, ನಿಯಮದ ಭಾರ ಬೀಳುವುದು ಅವರ ಮೇಲೆಯೇ ಎನ್ನಬಹುದು. ನಿಜ. ಆಟೋ ಓಡಿಸುವವರಿಗೆ ಒಂದು ರಿಪೇರಿ ಎಂದರೆ ಹಲವು ದಿನಗಳ ದುಡಿಮೆ. ಈ ಅನ್ಯಾಯದ ಬಗ್ಗೆ ಮಾತಾಡಲೇಬೇಕು. ಆದರೆ ನನಗೆ ಫೆಲೋಶಿಪ್ ಬರುತ್ತದೆ. ಅವರ ಕಷ್ಟವನ್ನು ನನ್ನ ನೆಪಕ್ಕೆ ಎರವಲು ತರುವುದು ಇನ್ನೊಂದು ಬಗೆಯ ಕಳ್ಳತನ.

ವಾರದ ನಂತರ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಮೊದಲು ಏರ್ ಫಿಲ್ಟರ್ ನೋಡಿದರು, ಸ್ಪಾರ್ಕ್ ಪ್ಲಗ್ ಬಿಚ್ಚಿದರು. ದೋಷ ಇದ್ದದ್ದು ಆಕ್ಸಿಜನ್ ಸೆನ್ಸರಿನಲ್ಲಿ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ವಯಸ್ಸಾಗಿ ಅದು ತಪ್ಪು ವರದಿ ಕೊಡುತ್ತಿತ್ತು. ನಂಬಿದ ಕಂಪ್ಯೂಟರ್ ಬೇಡದಷ್ಟು ಪೆಟ್ರೋಲ್ ಸುರಿಯುತ್ತಿತ್ತು. "ಟೆಸ್ಟಿಗೆ ಹೋಗೋ ಮುಂಚೆ ಒಂದಿಪ್ಪತ್ತು ನಿಮಿಷ ಓಡಿಸಿ ಮೇಡಂ, ಇಂಜಿನ್ ಕಾದಿರಬೇಕು" ಎಂದೂ ಹೇಳಿದರು. ಅದು ಮೋಸವಲ್ಲ. ಕಾದ ಮೇಲಷ್ಟೇ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು.

ಮತ್ತೆ ಟೆಸ್ಟಿಗೆ ಹೋದಾಗ ಅದೇ ಹುಡುಗ, "ಸರ್ಟಿಫಿಕೇಟ್ ಇದೆಯಲ್ಲ ಮೇಡಂ?" ಎಂದು ನಕ್ಕ. ಪೈಪನ್ನು ಪೂರ್ತಿ ಒಳಗೆ ಹಾಕಲು ಹೇಳಿದೆ. 0.3 ಬಂತು.

ಅಧ್ಯಾಯವನ್ನೂ ಮತ್ತೆ ತೆರೆದೆ. ಬೇರೆಯವರ ವಿಚಾರ ಇದ್ದಲ್ಲೆಲ್ಲ ಅವರ ಹೆಸರು ಬರೆದೆ. ಕೊನೆಗೆ ನನ್ನದು ಅಂತ ಉಳಿದದ್ದು ಮೂರೂವರೆ ಪುಟ.