ಕೆರೆಯ ಹಕ್ಕಿಗೆ ನೆಲೆ: ದಯೆಯೋ, ಹಕ್ಕೋ?

ಬೋನಾಳ ಪಕ್ಷಿಧಾಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿದೆ. ದೇವದುರ್ಗದ ಕಡೆಯಿಂದ ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಆ ಸೀಮೆ. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯನ್ನು 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ. ಹೊಲಕ್ಕೆ ನೀರುಣಿಸಲು ಮನುಷ್ಯರು ಕಟ್ಟಿದ ಕೆರೆ ಅದು. ಅಲ್ಲಿ ಹಕ್ಕಿಗೆ ಜಾಗ ಬಿಡುವುದು ಮನುಷ್ಯನ ದಯೆಯೇ, ಅಥವಾ ಅದು ಹಕ್ಕಿಗೆ ಸಲ್ಲಬೇಕಾದದ್ದೇ ಎಂಬುದು ಧರ್ಮಜಿಜ್ಞಾಸೆಯ ಪ್ರಶ್ನೆ.

ದಯೆ ದೊಡ್ಡ ಗುಣ. ಶರಣರು ಧರ್ಮದ ಬೇರನ್ನೇ ಅದರಲ್ಲಿ ಕಂಡರು. ಆದರೆ ದಯೆ ತೋರುವವನು ತನ್ನನ್ನು ಒಡೆಯನೆಂದು ಬಗೆದರೆ, ಬರಗಾಲ ಬಂದ ವರ್ಷ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂ ಬಹುದು. ಇದಕ್ಕಿಂತ ಗಟ್ಟಿಯಾದ ನೆಲೆ ರಾಯಚೂರು ಸೀಮೆಯ ದಾಸರ ಚಿಂತನೆಯಲ್ಲಿದೆ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿ ಬಳಿಯ ಬ್ಯಾಗವಾಟದವರು. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಕರುಣಾ ಸಂಧಿಯ ಬೆನ್ನಿಗೇ ವ್ಯಾಪ್ತಿ ಸಂಧಿ ಬರುತ್ತದೆ. ಅಲ್ಲಿ ಕರುಣೆ ಎಂಬುದು ಶ್ರೀಹರಿಯದು. ಅವನು ಸಕಲ ಜೀವರ ಒಳಗೂ ವ್ಯಾಪಿಸಿದ್ದಾನೆ.

ಈ ದಾಸರು ಅನುಸರಿಸಿದ ಮಾಧ್ವ ಮತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಹಾಗಾದರೆ ಕೆರೆಯ ಒಡೆತನ ಅರಸನದೂ ಅಲ್ಲ, ರೈತನದೂ ಅಲ್ಲ, ಸರ್ಕಾರದ್ದೂ ಅಲ್ಲ. ಜೀವಜೀವಗಳ ಭೇದ ನಿಜವಾದ್ದರಿಂದ ಪ್ರತಿ ಹಕ್ಕಿಯ ಜೀವವೂ ಬೇರೆಯೇ. ಒಂದರ ಬದಲು ಇನ್ನೊಂದು ಎನ್ನಲಾಗದು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಇದೇ ಮತ ಜೀವರಲ್ಲಿ ತಾರತಮ್ಯವನ್ನೂ ಒಪ್ಪುತ್ತದಲ್ಲ, ಮೇಲಿನ ಮನುಷ್ಯನಿಗಾಗಿ ಕೆಳಗಿನ ಹಕ್ಕಿ ಜಾಗ ಬಿಡಬಾರದೇಕೆ? ಆದರೆ ಆ ತಾರತಮ್ಯ ಜೀವದ ಯೋಗ್ಯತೆಯದು, ತೊಟ್ಟ ದೇಹದ್ದಲ್ಲ. ರೆಕ್ಕೆಯೊಳಗಿನ ಜೀವ ಎಂಥದೆಂದು ದಡದಲ್ಲಿ ನಿಂತವನಿಗೆ ಕಾಣುವುದಿಲ್ಲ. ದೇವತೆಗಳ ಸಾಲಿನಲ್ಲಿ ಎಷ್ಟೋ ಮೇಲಿರುವ ಗರುಡನದೂ ಹಕ್ಕಿಯ ರೂಪವೇ. ಆಕ್ಷೇಪ ನಿಲ್ಲುವುದಿಲ್ಲ.

ಕಷ್ಟವಿರುವುದು ಹೊಲದಲ್ಲಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿನ ಬಿಳಿ ನೆತ್ತಿಯ ಹಿಂಬದಿಯಲ್ಲಿ ಎರಡು ಕಪ್ಪು ಗೆರೆ. ನೀರಿನಲ್ಲಿ ತಂಗುವ ಅದು ಮೇಯಲು ಸುತ್ತಲ ಹೊಲಗದ್ದೆಗಿಳಿದು ಎಳೆ ಪೈರನ್ನು ಕೊಕ್ಕಿನಿಂದ ಕತ್ತರಿಸಿ ತಿನ್ನುತ್ತದೆ. ಪೈರು ಕಳೆದುಕೊಂಡ ರೈತನೂ ಪರತಂತ್ರ ಜೀವವೇ, ಅವನಿಗೂ ಅನ್ನ ಬೇಕು. ರಕ್ಷಣೆಯ ಭಾರವನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟುವುದು ಧರ್ಮವಲ್ಲ. ಬೆಳೆನಷ್ಟಕ್ಕೆ ಪರಿಹಾರ ಕೊಡುವುದೂ ಪಕ್ಷಿಧಾಮದ ಕರ್ತವ್ಯದೊಳಗೇ ಸೇರಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರದೇಶಕ್ಕೆ ಗಡಿ ಗುರುತಿಸಬೇಕಾಗುತ್ತದೆ, ಕಾನೂನಿಗೆ ಅದು ಅನಿವಾರ್ಯ. ವ್ಯಾಪ್ತಿಯ ತತ್ತ್ವಕ್ಕೆ ಅಂಥ ಗಡಿಯಿಲ್ಲ. ಬೋನಾಳದ ಹೆಬ್ಬಾತಿಗೆ ಸಲ್ಲುವ ಮಾತು ರಾಯಚೂರು ನಗರದ ಮಾವಿನಕೆರೆಗೆ ಇಳಿಯುವ ಬೆಳ್ಳಕ್ಕಿಗೂ ಅಷ್ಟೇ ಸಲ್ಲುತ್ತದೆ.