ಪವಿತ್ರ ಸರೋವರಕ್ಕೆ ಸೈತಾನನ ಹೆಸರು



ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಸೈತಾನನ ಹೆಸರು ಕೇಳಿಬರುತ್ತದೆ ಎಂದು ಎಂದಾದರೂ ಎಣಿಸಿದ್ದೀರಾ? ಜ್ಞಾನಸ್ನಾನದಲ್ಲಿ ಸೈತಾನನನ್ನು ತೊರೆಯುತ್ತೇವೆಂದು ಕೊಡುವ ಮಾತಿನ ಬಗ್ಗೆ ನಾನು ಕೇಳುತ್ತಿಲ್ಲ. ಹಾಲು ಚೆಲ್ಲಿದ ಮಗುವನ್ನು, ಹೊತ್ತಿಗೆ ಸರಿಯಾಗಿ ಮನೆಗೆ ಬಾರದ ಹುಡುಗನನ್ನು ನಾವು ಏನೆಂದು ಕರೆಯುತ್ತೇವೆ ಎಂಬುದರ ಬಗ್ಗೆ ಕೇಳುತ್ತಿದ್ದೇನೆ. ಈ ಪ್ರಶ್ನೆ ನನ್ನನ್ನು ಹಿಡಿದದ್ದು ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಲ್ಲ. ದೂರದ ಒಂದು ಸರೋವರದ ದಡದಲ್ಲಿ, ಡೇರೆಯೊಳಗೆ.

2022ರ ಬೇಸಿಗೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಧರ್ಮಕೇಂದ್ರಕ್ಕೆ, ಅಲ್ಲಿನ ಗುರುಗಳು ರಜೆಯಲ್ಲಿದ್ದಾಗ, ಎರಡು ತಿಂಗಳ ಮಟ್ಟಿಗೆ ಹೋಗಿದ್ದೆ. ಅಲ್ಲಿ ನೆಲೆಸಿದ ನಮ್ಮ ಕರಾವಳಿಯ ಕುಟುಂಬವೊಂದು, "ಫಾದರ್, ನೀವೂ ಬನ್ನಿ, ಎರಡು ರಾತ್ರಿ ಕಾಡಿನಲ್ಲಿ ಮಲಗೋಣ" ಎಂದು ಕರೆಯಿತು. ಗಂಡ ಹೆಂಡತಿ ಇಬ್ಬರಿಗೂ ಪಾಳಿಯ ಕೆಲಸ. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಹೊರಡುತ್ತಾರೆ. ವರ್ಷಕ್ಕೊಮ್ಮೆ ಹೀಗೆ ಡೇರೆ ಹಾಕಿದಾಗಲೇ ನಾಲ್ಕು ಜನ ಒಟ್ಟಿಗೆ ಊಟಕ್ಕೆ ಕೂರುವುದು. ಹನ್ನೆರಡು ವರ್ಷದ ಮಗ, ಎಂಟು ವರ್ಷದ ಮಗಳು.

ಹೋದ ಸ್ಥಳ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್. ಬ್ಯಾರಬೂ ಎಂಬ ಊರಿನ ಬಳಿ 1911ರಿಂದ ರಾಜ್ಯ ಸರ್ಕಾರ ಕಾಪಾಡಿಕೊಂಡು ಬಂದಿರುವ ಉದ್ಯಾನ. 9,000 ಎಕರೆಗೂ ಮೀರಿದ್ದು. ನಡುವೆ ಸುಮಾರು 360 ಎಕರೆಯ ಸರೋವರ. ಅದರ ಇಕ್ಕೆಲಗಳಲ್ಲಿ 500 ಅಡಿಯವರೆಗೆ ಏರುವ ಬಂಡೆಗಳ ಗುಡ್ಡ. ಬಂಡೆಯ ಬಣ್ಣ ನಮ್ಮ ಕೋಕಮ್ ಪಾನಕಕ್ಕೆ ನೀರು ಹೆಚ್ಚಾದಂತೆ, ತಿಳಿ ನೇರಳೆ. ಆ ಕಲ್ಲಿನ ವಯಸ್ಸು 160 ಕೋಟಿ ವರ್ಷಗಳಿಗೂ ಹೆಚ್ಚು. ಹಿಂದೆ ಅಲ್ಲಿ ನದಿಯೊಂದು ಕೊರೆದ ಕಣಿವೆಯಿತ್ತು. ಹಿಮಯುಗದ ಹಿಮನದಿ ಕಲ್ಲುಮಣ್ಣು ತಂದು ಕಣಿವೆಯ ಎರಡೂ ಬಾಯಿಗಳನ್ನು ಮುಚ್ಚಿಬಿಟ್ಟಿತು. ನಡುವೆ ನಿಂತ ನೀರೇ ಈ ಸರೋವರ. ಇದರಿಂದ ಹೊರಗೆ ಹರಿದುಹೋಗುವ ಹೊಳೆಯೇ ಇಲ್ಲ.

ಶಿಬಿರದಲ್ಲಿ ನಿಯಮಗಳು ಬಹಳ. ದೂರದಿಂದ ಸೌದೆ ತರುವಂತಿಲ್ಲ. ಸೌದೆಯೊಳಗಿನ ಹುಳ ಕಾಡಿನ ಮರಗಳಿಗೆ ಹರಡೀತು. ಕಸವನ್ನು ಕಂಡಲ್ಲಿ ಬಿಸಾಡುವಂತಿಲ್ಲ. ರಾತ್ರಿ 11ರ ನಂತರ ಗದ್ದಲ ಮಾಡುವಂತಿಲ್ಲ. (ನಮ್ಮ ವಾರ್ಷಿಕ ಹಬ್ಬದ ಧ್ವನಿವರ್ಧಕದವರಿಗೆ ಈ ಕೊನೆಯ ನಿಯಮವನ್ನು ಓದಿ ಹೇಳಬೇಕೆನಿಸಿತು.) ಇಷ್ಟೆಲ್ಲ ಪಾಲಿಸಿದರೂ ಮೊದಲ ರಾತ್ರಿಯೇ ರಕೂನ್ ಎಂಬ ಕಳ್ಳಪ್ರಾಣಿ ಬಂದು, ಮೇಜಿನ ಮೇಲೆ ನಾನೇ ಮರೆತಿಟ್ಟ ಬ್ರೆಡ್ಡನ್ನು ಪೂರ್ತಿ ಮುಗಿಸಿತು. ಬೈಗುಳ ತಿಂದವನು ಮಾತ್ರ ಆ ಹುಡುಗ.

ಮರುದಿನ ಪೂರ್ವದ ಗುಡ್ಡ ಹತ್ತಿದೆವು. ಕಲ್ಲಿನ ಮೆಟ್ಟಿಲುಗಳು ಕಡಿದು. ನನ್ನ ಮೊಣಕಾಲುಗಳು ಅರ್ಧ ದಾರಿಯಲ್ಲೇ ಜಪಸರ ಹೇಳತೊಡಗಿದವು. ಹುಡುಗ ಮಾತ್ರ ಮುಂದೆ ಓಡುತ್ತಿದ್ದ. ಗುಡ್ಡದಂಚಿನಲ್ಲಿ ಬೇಲಿಯಿಲ್ಲ, ಕೆಳಗೆ ಪ್ರಪಾತ. ತಂದೆಗೆ ಜೀವವೇ ಬಾಯಿಗೆ ಬಂದಂತಾಗಿ, "ಏ ಸೈತಾನ, ನಿಲ್ಲೋ!" ಎಂದು ಕಿರುಚಿದ. ಹುಡುಗ ನಿಂತ. ನಾನು ಏದುಸಿರು ಬಿಡುತ್ತಾ ಅವನ ಬಳಿ ತಲುಪಿದಾಗ ಕೆಳಗಿನ ನೀರನ್ನು ನೋಡುತ್ತಾ ಕೇಳಿದ: "ಫಾದರ್, ಸೈತಾನ ಅಂದರೆ ಡೆವಿಲ್ ಅಲ್ವಾ? ಹಾಗಾದರೆ ಈ ಕೆರೆ ನಂದೇ."

ನಗಬೇಕೆಂದು ಹೇಳಿದ ಮಾತೇ. ಆದರೆ ಅವನು ನಗಲಿಲ್ಲ.

ಸಂಜೆ ದಡದಲ್ಲಿ ನಡೆಯುವಾಗ ಆ ಕೆರೆಯ ಹೆಸರಿನ ಕಥೆ ತಿಳಿಯಿತು. ಅದು ಹೋ-ಚಂಕ್ ಎಂಬ ಮೂಲನಿವಾಸಿಗಳ ನಾಡು. ಅವರ ಭಾಷೆಯಲ್ಲಿ ಈ ನೀರಿಗಿರುವ ಹೆಸರಿನ ಅರ್ಥ 'ಪವಿತ್ರ ಸರೋವರ'. 'ಆತ್ಮದ ಸರೋವರ' ಎಂದು ಅರ್ಥ ಹೇಳುವವರೂ ಉಂಟು. ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದ ಜನ ಹಕ್ಕಿಯ, ಪ್ರಾಣಿಗಳ ಆಕಾರದಲ್ಲಿ ಕಟ್ಟಿದ ಮಣ್ಣಿನ ದಿಬ್ಬಗಳು ದಡದಲ್ಲಿ ಇಂದಿಗೂ ಇವೆ. ಹೊರಗಿನಿಂದ ಬಂದವರು ಹೋ-ಚಂಕ್ ಜನರನ್ನು 19ನೇ ಶತಮಾನದಲ್ಲಿ ಮತ್ತೆ ಮತ್ತೆ ಈ ನಾಡಿನಿಂದ ಹೊರದಬ್ಬಿದರು. ಅನೇಕರು ಮತ್ತೆ ಮತ್ತೆ ನಡೆದು ಹಿಂದಿರುಗಿದರು. ಅವರು ಆತ್ಮವೆಂದದ್ದು ಬಂದವರ ಬಾಯಲ್ಲಿ ದೆವ್ವವಾಯಿತು. ನಕಾಶೆಯಲ್ಲಿ ಉಳಿದದ್ದು ಆ ಹೆಸರೇ. ಬಂದವರಲ್ಲಿ ಹೆಚ್ಚಿನವರು ನಮ್ಮಂತೆಯೇ ಕ್ರಿಸ್ತರ ಹೆಸರು ಹೇಳುವ ಜನ ಎಂಬುದನ್ನು ನಾವು ಮರೆಮಾಚಬಾರದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆಲ ಗಟ್ಟಿಯಾಗಿತ್ತು, ನಿಜ. ಕಾರಣ ಅದೊಂದೇ ಅಲ್ಲ. ಮಾರ್ಕನ ಶುಭಸಂದೇಶದ ಮೂರನೇ ಅಧ್ಯಾಯ ನೆನಪಿಗೆ ಬಂತು. ಯೇಸು ಜನರನ್ನು ಗುಣಪಡಿಸುತ್ತಿದ್ದಾಗ ಜೆರುಸಲೇಮಿನಿಂದ ಬಂದ ಧರ್ಮಶಾಸ್ತ್ರಿಗಳು ಅವರ ಮೇಲೆ ಬೆಲ್ಜೆಬೂಲನ ಹೆಸರು ಹೊರಿಸುತ್ತಾರೆ. ಪವಿತ್ರಾತ್ಮರನ್ನು ದೂಷಿಸುವವನಿಗೆ ಕ್ಷಮೆಯಿಲ್ಲ ಎಂಬ ಕಠಿಣ ಮಾತನ್ನು ಪ್ರಭು ಆಡಿದ್ದು ಆಗಲೇ. ಹಾಲು ಚೆಲ್ಲಿದ್ದಕ್ಕೆ ಮಗುವನ್ನು ಬೈದ ತಾಯಿ ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಆ ಶಾಸ್ತ್ರಿಗಳ ತಪ್ಪು ಒಂದು ಕ್ಷಣದ ಕೋಪದ್ದಲ್ಲ. ಕಣ್ಣೆದುರು ದೇವರ ಕಾರ್ಯ ನಡೆಯುತ್ತಿದ್ದರೂ ಅದಕ್ಕೆ ಸೈತಾನನ ಹೆಸರಿಟ್ಟು, ಆ ಹೆಸರಿಗೇ ಅಂಟಿ ಕೂತದ್ದು ಅವರ ತಪ್ಪು. ಈ ಭಾಗವನ್ನು ನಾನು ಪರೀಕ್ಷೆಗೆ ಬರೆದಿದ್ದೇನೆ, ಪ್ರವಚನದಲ್ಲಿ ವಿವರಿಸಿದ್ದೇನೆ. ನನ್ನ ಕಥೆಯೆಂದು ಓದಿರಲಿಲ್ಲ.

ನಾನು ಹೊಸದಾಗಿ ಗುರುದೀಕ್ಷೆ ಪಡೆದು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರದಲ್ಲಿ, ಧರ್ಮೋಪದೇಶದ ತರಗತಿಗೆ ಬರುವ ಒಬ್ಬ ಹುಡುಗನಿದ್ದ. ಕೂತಲ್ಲಿ ಕೂರುವವನಲ್ಲ. ಒಂದು ಭಾನುವಾರ ನಾನು ಬಲಿಪೂಜೆಯಲ್ಲಿ ಹಾಡುವ ರೀತಿಯನ್ನು ಗೆಳೆಯರಿಗೆ ಅಣಕಿಸಿ ತೋರಿಸುತ್ತಿದ್ದ. ಬಹಳ ಚೆನ್ನಾಗಿಯೇ ಅಣಕಿಸುತ್ತಿದ್ದ. ನನ್ನ ಕೋಪಕ್ಕೆ ಕಾರಣವೂ ಅದೇ. ನಲವತ್ತು ಮಕ್ಕಳ ಮುಂದೆ ಅವನನ್ನು ನಿಲ್ಲಿಸಿ, "ನೀನು ಸೈತಾನನ ಮರಿ" ಎಂದೆ. ಮಕ್ಕಳು ಆ ಹೆಸರನ್ನು ಎತ್ತಿಕೊಂಡರು. ಶಾಲೆಯವರೆಗೂ ಹೋಯಿತು. ಅವನು ತರಗತಿಗೆ ಬರುವುದನ್ನು ಬಿಟ್ಟ, ಆಮೇಲೆ ದೇವಾಲಯಕ್ಕೆ ಬರುವುದನ್ನೂ ಬಿಟ್ಟ. ತಾಯಿ ಬಂದು, "ಸ್ವಾಮಿ, ನೀವೊಮ್ಮೆ ಬಂದು ಕರೆದರೆ ಬಂದಾನು" ಎಂದು ಬೇಡಿಕೊಂಡರು. "ಬರುವವರು ತಾವಾಗಿಯೇ ಬರುತ್ತಾರೆ" ಎಂದು ಹೇಳಿ ಕಳುಹಿಸಿದೆ. ಆ ಹುಡುಗನ ಸ್ವರದಲ್ಲಿ ಪವಿತ್ರಾತ್ಮರು ಇಟ್ಟಿದ್ದ ವರ ನನ್ನ ಕಿವಿಗೆ ಬಿದ್ದಿತ್ತು. ನಾನು ಅದಕ್ಕೆ ಬೇರೆ ಹೆಸರಿಟ್ಟೆ.

ಯಕೋಬನೂ ಬಯಲಲ್ಲೇ ಮಲಗಿದವನು, ತಲೆಗೆ ಕಲ್ಲಿಟ್ಟುಕೊಂಡು. ಅವನೇನು ವಿಹಾರಕ್ಕೆ ಹೊರಟವನಲ್ಲ. ಅಣ್ಣನಿಗೆ ಮೋಸಮಾಡಿ ಓಡುತ್ತಿದ್ದವನು. ಎಚ್ಚರವಾದಾಗ ಅವನಿಗೆ ಭಯವಾಗುತ್ತದೆ. ಸರ್ವೇಶ್ವರ ಇಲ್ಲೇ ಇದ್ದರೂ ತನಗೆ ತಿಳಿಯಲಿಲ್ಲವೆಂಬ ಭಯ. ಲೂಜ್ ಎಂದಿದ್ದ ಆ ಊರನ್ನು ಅವನು ದೇವರ ಮನೆ, ಬೇತೇಲ್ ಎಂದು ಕರೆದ. ತಪ್ಪು ಹೆಸರಿಟ್ಟವರು ಸರಿಯಾದ ಹೆಸರಿಡುವುದಕ್ಕೂ ಸಾಧ್ಯವಿದೆ ಎಂಬುದು ಡೇರೆಯಲ್ಲಿ ನನಗೆ ಸಿಕ್ಕ ಒಂದೇ ಸಮಾಧಾನ.

ಭಾನುವಾರ ಬೆಳಿಗ್ಗೆ ಊಟದ ಮೇಜನ್ನೇ ಒರೆಸಿ, ಬಿಳಿ ವಸ್ತ್ರ ಹಾಸಿ ಬಲಿಪೂಜೆ ಅರ್ಪಿಸಿದೆವು. ಇದು ಸಲ್ಲದೆಂದು ಯಾರಾದರೂ ಹೇಳುವ ಮುನ್ನ ಸಂತ ಎರಡನೇ ಜಾನ್ ಪೌಲರನ್ನು ನೆನೆಯಿರಿ. ಅವರು ಪೋಲೆಂಡಿನಲ್ಲಿ ಇನ್ನೂ ಯುವ ಗುರುಗಳಾಗಿದ್ದಾಗ ವಿದ್ಯಾರ್ಥಿಗಳನ್ನು ಸರೋವರಗಳಿಗೆ ಕರೆದೊಯ್ದು, ದೋಣಿಯನ್ನು ಬೋರಲು ಹಾಕಿ ಅದನ್ನೇ ಬಲಿಪೀಠ ಮಾಡಿಕೊಳ್ಳುತ್ತಿದ್ದರು. 1958ರಲ್ಲಿ, ನೀವು ಬಿಷಪರಾಗಿ ನೇಮಕವಾಗಿದ್ದೀರಿ ಎಂದು ತಿಳಿಸಲು ವಾರ್ಸಾಗೆ ಕರೆಬಂದಾಗಲೂ ಅವರು ದೋಣಿಯ ಪ್ರವಾಸದಲ್ಲೇ ಇದ್ದರು.

ನನ್ನ ಪ್ರವಚನ ಅಂದು ಚಿಕ್ಕದು. ಆ ಸರೋವರದ ಎರಡು ಹೆಸರುಗಳನ್ನು ಹೇಳಿದೆ, ಯಕೋಬನ ಕಥೆ ಹೇಳಿದೆ, ಅಷ್ಟೇ. ಶಾಂತಿಯ ವಂದನೆ ಹಂಚುವಾಗ ತಂದೆ ಏನೂ ಮಾತಾಡಲಿಲ್ಲ; ಮಗನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ಹಿಂದಿರುಗುವ ದಾರಿಯಲ್ಲಿ ಹುಡುಗ ನಿದ್ದೆಹೋಗಿದ್ದ.

ಊರಿಗೆ ಬಂದ ಮೇಲೆ ನಾನು ನನ್ನ ಹಳೆಯ ವಿದ್ಯಾರ್ಥಿಯ ತಾಯಿಯನ್ನು ಹುಡುಕಿಕೊಂಡು ಹೋದೆ. ಅವನು ಈಗ ಬೆಂಗಳೂರಿನಲ್ಲಿ ವಿದ್ಯುತ್ ಕೆಲಸ ಮಾಡುತ್ತಾನೆ. ಅವನ ಬಾಡಿಗೆ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡೆ. ಜೀವನವಿಡೀ ಪಾಪನಿವೇದನೆ ಕೇಳುವವನಿಗೆ ಅದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. "ಒಳಗೆ ಬನ್ನಿ ಫಾದರ್" ಎಂದ. ಚಹಾ ಮಾಡಿಕೊಟ್ಟ. "ಆ ಹೆಸರು ಹೋಗಲು ಹತ್ತು ವರ್ಷ ಹಿಡಿಯಿತು" ಎಂದ. ನನಗೆ ಉತ್ತರವಿರಲಿಲ್ಲ.

ಅವನು ಮತ್ತೆ ದೇವಾಲಯಕ್ಕೆ ಬಂದನೇ ಎಂದು ನೀವು ಕೇಳಬಹುದು. ಬಂದಿಲ್ಲ. ನಾನು ಎರಡು ಬಾರಿ ಮತ್ತೆ ಹೋಗಿದ್ದೇನೆ. ಕಳೆದ ಸಲ ಹೊರಡುವಾಗ, "ಈಗಲೂ ಅದೇ ರಾಗದಲ್ಲಿ ಹಾಡ್ತೀರಾ?" ಎಂದು ಕೇಳಿ, ಅಲ್ಲೇ ಮೆಟ್ಟಿಲ ಮೇಲೆ ನಿಂತು ನನ್ನನ್ನು ಅಣಕಿಸಿ ತೋರಿಸಿದ. ಇಬ್ಬರೂ ನಕ್ಕೆವು. ಅವನ ಕಂಠ ಈಗಲೂ ನನಗಿಂತ ಚೆನ್ನಾಗಿದೆ.